ಎರಡು ಏಣಿ ಕಂಡವನ ಊರಿಗೆ

ಅಡಿಕೆಯ ಧಾರಣೆ, ಕಾಫಿಯ ಕಾಂಡಕೊರಕ, ಮೈಲುತುತ್ತಿನ ಸರಬರಾಜು ಇವನ್ನೆಲ್ಲ ಬಿಟ್ಟು ನಮ್ಮ ಪತ್ರಿಕೆಯಲ್ಲಿ ಕಣ್ಣಿನ ವಿಷಯವೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಕೊನೆಯತನಕ ಓದಿದರೆ ಇದು ತೋಟದ ವಿಷಯವೇ ಎಂಬುದು ತಿಳಿದೀತು ಎಂದು ನಂಬಿ ಬರೆಯುತ್ತಿದ್ದೇವೆ.

ನಮಗೆ ಎಳವೆಯಿಂದಲೂ ಮೆಳ್ಳೆಗಣ್ಣು. ಸಂಘದ ಸರ್ವಸದಸ್ಯರ ಸಭೆಯಲ್ಲಿ ನಮ್ಮನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಅಧ್ಯಕ್ಷರನ್ನು ನೋಡಿ ಪ್ರಶ್ನೆ ಕೇಳಿದರೆ ಕಾರ್ಯದರ್ಶಿಗಳು ಎದ್ದು ಉತ್ತರ ಕೊಟ್ಟ ಪ್ರಸಂಗವೂ ನಡೆದಿದೆ. ಮೆಳ್ಳೆಗಣ್ಣು ಅದೃಷ್ಟದ ಗುರುತು ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಆ ಮಾತಿನ ಮೇಲೆ ಭಾರ ಹಾಕಿ ಮನೆಯವರು ಯಾವ ವೈದ್ಯರಿಗೂ ತೋರಿಸಲಿಲ್ಲ. ಅದೃಷ್ಟ ಎಷ್ಟು ಬಂತು ಎಂಬುದು ನಮ್ಮ ಸಾಲದ ಖಾತೆ ನೋಡಿದವರಿಗೆ ಗೊತ್ತಿದೆ.

ಇಷ್ಟು ಸೊಟ್ಟ ಕಣ್ಣಿದ್ದರೂ ನಮಗೆ ಒಂದು ವಸ್ತು ಒಂದಾಗಿಯೇ ಕಾಣುತ್ತದೆ. ಆದರೆ ನಮ್ಮ ತೋಟದಲ್ಲಿ ಕೆಲಸ ಮಾಡಿದ ಒಬ್ಬನಿಗೆ, ನೋಡುವವರ ಕಣ್ಣಿಗೆ ಎಲ್ಲವೂ ನೆಟ್ಟಗಿರುವಂತೆ ತೋರುವವನಿಗೆ, ೨೦೧೬ರಿಂದ ಪ್ರಪಂಚವೆಲ್ಲ ಎರಡೆರಡಾಗಿ ಕಾಣುತ್ತಿದೆ. ಅವನು ಶಿರಹಟ್ಟಿ ತಾಲ್ಲೂಕಿನವನು. ಹೆಸರು ಹಾಕಬೇಡಿರೆಂದು ಅವನೇ ಕೇಳಿಕೊಂಡಿರುವುದರಿಂದ ಹೆಸರು ಬರೆದಿಲ್ಲ.

ಕಾಫಿ ಕುಯ್ಲಿಗೆ ಬಯಲುಸೀಮೆಯಿಂದ ಬರುವ ಆಳುಗಳನ್ನು ನಂಬಿಕೊಂಡೇ ನಮ್ಮಲ್ಲಿ ಹಲವರ ಬೆಳೆ ಮನೆ ಸೇರುತ್ತದೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಜೋಳ, ಮೆಣಸಿನಕಾಯಿ, ಶೇಂಗಾದ ಕೆಲಸ ಮುಗಿದ ಮೇಲೆ ಗದಗ, ಮುಂಡರಗಿ, ಶಿರಹಟ್ಟಿ ಕಡೆಯವರು ಮೇಸ್ತ್ರಿಯ ಮೂಲಕ ಬಂದು ಲೈನು ಮನೆಗಳಲ್ಲಿ ಉಳಿದು, ಕುಯ್ಲು ಮುಗಿಸಿ, ಕಾಳುಮೆಣಸನ್ನೂ ಬಿಡಿಸಿಕೊಟ್ಟು ಹಬ್ಬದ ಹೊತ್ತಿಗೆ ಊರಿಗೆ ಮರಳುತ್ತಾರೆ. ಇವನೂ ಹಾಗೆ ಹೆಂಡತಿಯೊಡನೆ ನಾಲ್ಕು ವರ್ಷ ಬಂದವನು. ಕೆಲಸದಲ್ಲಿ ಚುರುಕು. ಸಿಲ್ವರ್ ಓಕ್ ಮರಕ್ಕೆ ಒಂಟಿ ಬಿದಿರಿನ ಏಣಿ ಒರಗಿಸಿ ಮೆಣಸು ಬಿಡಿಸುವುದನ್ನು ನಮ್ಮಲ್ಲಿಯೇ ಕಲಿತ.

ಆ ವರ್ಷದ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಏಣಿ ಜಾರಿತು. ಹದಿನೈದು ಅಡಿ ಎತ್ತರವಿದ್ದೀತು. ತಲೆ ನೆಲಕ್ಕೆ ಬಡಿದು ಎಚ್ಚರ ತಪ್ಪಿತು. ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದೆವು. ಮೂಳೆ ಮುರಿದಿರಲಿಲ್ಲ, ತಲೆಯ ಚಿತ್ರ ತೆಗೆಸಿದ್ದರಲ್ಲಿ ರಕ್ತ ಹೆಪ್ಪುಗಟ್ಟಿದ್ದೂ ಕಾಣಲಿಲ್ಲ. ಐದು ದಿನದ ಮೇಲೆ ಮನೆಗೆ ಕಳಿಸಿದರು. ದೊಡ್ಡ ಗಂಡಾಂತರ ತಪ್ಪಿತೆಂದು ನಾವು ದೇವರಿಗೆ ಕೈ ಮುಗಿದೆವು.

ಹದಿನೈದು ದಿನ ಕಳೆದ ಮೇಲೆ ಅವನು ಕೆಲಸಕ್ಕೆ ಬಂದ. ತಲೆಯನ್ನು ಒಂದು ಭುಜದ ಕಡೆಗೆ ಓರೆ ಮಾಡಿಕೊಂಡು ನಡೆಯುತ್ತಿದ್ದ. ಕಾಫಿ ಲೋಟಕ್ಕೆ ಕೈ ಹಾಕಿದರೆ ಲೋಟದ ಪಕ್ಕದ ಗಾಳಿಯನ್ನು ಹಿಡಿಯುತ್ತಿದ್ದ. ಕಣದ ಮೆಟ್ಟಿಲಲ್ಲಿ ಎರಡು ಸಲ ಮುಗ್ಗರಿಸಿದ. ಏಣಿಯ ಬುಡದಲ್ಲಿ ನಿಂತವನು ಹತ್ತಲೇ ಇಲ್ಲ. ಏನು ಮಾರಾಯ, ಬೆಳಿಗ್ಗೆಯೇ ಹಾಕಿಕೊಂಡು ಬಂದಿದ್ದೀಯಾ ಎಂದು ನಾವು ಗದರಿದೆವು.

"ಎರಡು ಏಣಿ ಕಾಣಾಕತ್ತಾವ್ರಿ ಸಾವ್ಕಾರ್ರ. ಯಾವ್ದು ಹತ್ಲಿ?" ಎಂದ.

ನಾವು ನಂಬಲಿಲ್ಲ. ಬಿದ್ದ ಭಯಕ್ಕೆ ಸೋಗು ಹಾಕುತ್ತಿದ್ದಾನೆ ಎಂದುಕೊಂಡೆವು. ಊರಿನಲ್ಲಿ ನಡೆದಿದ್ದ ಒಂದು ಕಣ್ಣಿನ ತಪಾಸಣೆ ಶಿಬಿರಕ್ಕೆ ಕಳಿಸಿದೆವು. ಅಲ್ಲಿ ಅವನು ಒಂದು ಕಣ್ಣು ಮುಚ್ಚಿ ಗೋಡೆಯ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಓದಿದ, ಇನ್ನೊಂದು ಕಣ್ಣು ಮುಚ್ಚಿ ಮತ್ತೆ ಓದಿದ. ದೃಷ್ಟಿ ಸರಿಯಾಗಿದೆ ಎಂಬ ಚೀಟಿ ಬಂತು. ನಮ್ಮ ಅನುಮಾನಕ್ಕೆ ಸರ್ಟಿಫಿಕೇಟು ಸಿಕ್ಕಂತಾಯಿತು. ಯುಗಾದಿಗೆ ಅವನು ಊರಿಗೆ ಹೋದವನು ಮರುವರ್ಷ ಬರಲಿಲ್ಲ. ಮೇಸ್ತ್ರಿಯನ್ನು ಕೇಳಿದರೆ, ಅವನು ಇನ್ನು ತೋಟದ ಕೆಲಸಕ್ಕೆ ಬರುವ ಆಸಾಮಿಯಲ್ಲ ಎಂದ. ನಾವೂ ಮರೆತೆವು. ಮರೆಯುವುದು ಸುಲಭವಾಗಿತ್ತು.

ಹೋದ ಮಾಗಿಯಲ್ಲಿ ನಾವು ಮೂವರು ಸದಸ್ಯರು ಗದಗಕ್ಕೆ ಹೋಗುವ ಸಂದರ್ಭ ಬಂತು. ಗದಗ ತಾಲ್ಲೂಕಿನ ಕಣಗಿನಹಾಳ ಗ್ರಾಮದಲ್ಲಿ ೧೯೦೫ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಪತ್ತಿನ ಸಂಘವೇ ನಮ್ಮ ಸಹಕಾರಿ ಚಳವಳಿಯ ಮೂಲ. ೧೯೦೪ರ ಕಾಯ್ದೆ ಬಂದ ಮರುವರ್ಷವೇ, ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಒಂದು ಹಳ್ಳಿಯಲ್ಲಿ, ಸಾಹುಕಾರರ ಬಡ್ಡಿಗೆ ಸಿಕ್ಕಿಬಿದ್ದ ಒಕ್ಕಲಿಗರು ಒಬ್ಬರಿಗೊಬ್ಬರು ಜಾಮೀನು ನಿಂತ ಜಾಗವದು. ಆ ನೆಲ ನೋಡಿ ಬರೋಣವೆಂದು ಹೊರಟಿದ್ದೆವು. ಅದರ ವರದಿಯನ್ನು ಜೊತೆಗೆ ಬಂದವರು ಬೇರೆಯಾಗಿ ಬರೆಯುತ್ತಾರೆ. ಅಲ್ಲಿ ನಿಂತಿದ್ದಾಗ, ಒಬ್ಬರಿಗೊಬ್ಬರು ಜಾಮೀನು ಎಂಬ ಮಾತಿನ ಮೇಲೆ ನಮಗೆ ಅವನ ನೆನಪು ಬಂತು ಎಂಬುದಷ್ಟೇ ಇಲ್ಲಿ ಪ್ರಸ್ತುತ.

ಮೇಸ್ತ್ರಿಗೆ ಫೋನು ಮಾಡಿ ವಿಚಾರಿಸಿದರೆ ಅವನು ಊರಿನಲ್ಲಿಲ್ಲ, ಬೆಟಗೇರಿಯಲ್ಲಿ ಹೆಂಡತಿಯ ಅಣ್ಣನ ಮನೆಯಲ್ಲಿದ್ದಾನೆ ಎಂದು ತಿಳಿಯಿತು. ಗದಗ ಮತ್ತು ಬೆಟಗೇರಿ ಹೆಸರಿಗೆ ಎರಡು ಊರು, ನಗರಸಭೆ ಒಂದೇ. ಬೆಟಗೇರಿ ನೇಕಾರರ ಊರು. ಮಗ್ಗದ ಸದ್ದು ಹಿಂದಿನಷ್ಟಿಲ್ಲವೆಂದು ಅಲ್ಲಿಯವರು ಹೇಳಿದರೂ ಓಣಿಯೊಳಗೆ ಕಾಲಿಟ್ಟರೆ ಇನ್ನೂ ಕಿವಿಗೆ ಬೀಳುತ್ತದೆ.

ಅವನು ಕಟ್ಟೆಯ ಮೇಲೆ ಕುಳಿತು ಕಂಡಿಕೆ ಸುತ್ತುತ್ತಿದ್ದ. ಕನ್ನಡಕ ಹಾಕಿದ್ದ. ಅದರ ಎಡಗಡೆಯ ಗಾಜು ಮಂಜು ಕವಿದಂತೆ ಬೆಳ್ಳಗಿತ್ತು. ಹತ್ತಿರ ಹೋಗಿ ನೋಡಿದರೆ ಒಳಗಡೆ ಸಾದಾ ಅಂಟುಪಟ್ಟಿಯನ್ನು ಅಳತೆಗೆ ಕತ್ತರಿಸಿ ಹಚ್ಚಿದ್ದು. ನಮ್ಮ ದನಿ ಕೇಳಿದೊಡನೆ ಎದ್ದು ನಿಂತ.

"ಬರ್ರಿ ಸಾವ್ಕಾರ್ರ, ದಾರಿ ತಪ್ಪಿ ಬಂದ್ರೇನು?"

ಕುಳಿತ ಮೇಲೆ ನಾವು ಕೇಳಬೇಕಾದದ್ದನ್ನು ಕೇಳುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅವನ ಹೆಂಡತಿ ಚಹಾ ತಂದಿಟ್ಟು, "ಕುಡುದಿದ್ದ ಅಂದಿದ್ರಂತಲ್ರಿ ಯಪ್ಪಾ" ಎಂದಳು. ಸಿಟ್ಟಿನಿಂದಲ್ಲ, ಲೆಕ್ಕ ಒಪ್ಪಿಸುವ ದನಿಯಲ್ಲಿ. ಹೌದು, ಅಂದಿದ್ದೆವು, ತಪ್ಪಾಯಿತು ಎಂದು ಒಪ್ಪಿಕೊಂಡೆವು.

ಊರಿಗೆ ಬಂದ ಮೇಲೆ ಅವನು ಮೊದಲು ಹೋದದ್ದು ಲಕ್ಷ್ಮೇಶ್ವರದಲ್ಲಿ ನಡೆದ ಇನ್ನೊಂದು ಕಣ್ಣಿನ ಶಿಬಿರಕ್ಕೆ. ಈ ಸೀಮೆಯಲ್ಲಿ ಕಣ್ಣಿನ ಶಿಬಿರ ಎಂದರೆ ಜನಕ್ಕೆ ಬಹಳ ನಂಬಿಕೆ. ಕಾರಣವೂ ಇದೆ. ಬೀಳಗಿಯಲ್ಲಿ ೧೯೧೬ರಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರು ಊರೂರು ತಿರುಗಿ ಛತ್ರ, ಶಾಲೆಗಳಲ್ಲಿಯೇ ಆಪರೇಷನ್ ಮೇಜು ಹಾಕಿ ಲಕ್ಷಾಂತರ ಬಡವರಿಗೆ ಕಣ್ಣಿನ ಪೊರೆ ತೆಗೆದವರು. ೧೯೬೮ರಲ್ಲಿ ಪದ್ಮಭೂಷಣ ಬಂತು, ೨೦೦೫ರಲ್ಲಿ ತೀರಿಕೊಂಡರು. ಪಟ್ಟಿ ಬಿಚ್ಚಿದ ಕೂಡಲೇ ಬೆಳಕು ಕಂಡ ಅಜ್ಜ ಅಜ್ಜಿಯರ ಕಥೆಗಳನ್ನು ಕೇಳುತ್ತಲೇ ಬೆಳೆದ ಸೀಮೆಯಿದು. ಹಾಗಾಗಿ ಕಣ್ಣಿಗೆ ಏನೇ ಆದರೂ ಶಿಬಿರಕ್ಕೆ ಹೋದರೆ ಸರಿಹೋಗುತ್ತದೆಂಬ ಭಾವನೆ. ಇವನ ತೊಂದರೆ ಕಣ್ಣುಗುಡ್ಡೆಯ ಒಳಗಿನದಲ್ಲ. ಪೊರೆಯಿಲ್ಲ, ಕನ್ನಡಿಯಂಥ ಕಣ್ಣು. ಅಲ್ಲಿಯೂ ಅಕ್ಷರಗಳನ್ನು ಪೂರಾ ಓದಿದ, ಅಲ್ಲಿಯೂ ಏನೂ ಇಲ್ಲವೆಂದರು. ಆಗ ಇವನು ಒಂದು ಪ್ರಶ್ನೆ ಕೇಳಿದನಂತೆ: "ಒಂದೊಂದ ಕಣ್ಣೀಲೆ ನೋಡಿದ್ರ ಒಂದ ಕಾಣತೈತ್ರಿ. ಎರಡೂ ತಗದ ನೋಡಿದ್ರ ಎರಡ ಕಾಣತಾವು. ನೀವು ಎರಡೂ ತಗದು ಒಮ್ಮೆನೂ ಓದಸ್ಲಿಲ್ಲಲ್ರಿ?"

ಆ ಪ್ರಶ್ನೆಯೇ ಅವನನ್ನು ಸರಿಯಾದ ಕಡೆಗೆ ಸೇರಿಸಿತು. ಶಿಬಿರದಲ್ಲಿದ್ದ ಒಬ್ಬ ಕಿರಿಯ ವೈದ್ಯರು ಅದನ್ನು ಕೇಳಿ ಹುಬ್ಬಳ್ಳಿಗೆ ಚೀಟಿ ಬರೆದುಕೊಟ್ಟರು. ಹುಬ್ಬಳ್ಳಿಯ ವೈದ್ಯರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದ್ದನ್ನು ಅವನು ಇನ್ನೂ ಕಾಪಾಡಿಟ್ಟಿದ್ದಾನೆ. ಅದನ್ನು ನೋಡಿ, ಆಮೇಲೆ ನಾವೂ ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇವೆ.

ಒಂದೊಂದು ಕಣ್ಣನ್ನೂ ಹೊರಳಿಸುವುದಕ್ಕೆ ಆರಾರು ಸ್ನಾಯುಗಳಿವೆ. ಆ ಸ್ನಾಯುಗಳನ್ನು ನಡೆಸುವುದು ಮಿದುಳಿನಿಂದ ಹೊರಡುವ ಮೂರು ಜೊತೆ ನರಗಳು. ವೈದ್ಯರ ಎಣಿಕೆಯಲ್ಲಿ ಇವು ಮೂರನೆಯ, ನಾಲ್ಕನೆಯ ಮತ್ತು ಆರನೆಯ ನರಗಳು. ನಾಲ್ಕನೆಯದು ನೂಲಿನಂತೆ ತೆಳ್ಳಗಿನದು. ಉಳಿದವುಗಳಂತೆ ಮುಂದಿನಿಂದ ಹೊರಡದೆ ಮಿದುಳಿನ ಕಾಂಡದ ಹಿಂಬದಿಯಿಂದ ಹೊರಟು, ಸುತ್ತು ಬಳಸಿ, ತಲೆಬುರುಡೆಯೊಳಗೆ ಬಹಳ ದೂರ ಸಾಗಿ ಕಣ್ಣಿಗೆ ಬರುತ್ತದೆ. ತಲೆಗೆ ಪೆಟ್ಟು ಬಿದ್ದಾಗ ಮೂಳೆ ಮುರಿಯದಿದ್ದರೂ, ಚಿತ್ರದಲ್ಲಿ ಏನೂ ಕಾಣದಿದ್ದರೂ, ಈ ನರ ಜಜ್ಜಿಹೋಗುವುದುಂಟು. ಇದು ನಡೆಸುವ ಸ್ನಾಯುವಿನ ಕೆಲಸ ಕಣ್ಣನ್ನು ಕೆಳಕ್ಕೆ ಇಳಿಸುವುದು ಮತ್ತು ಒಳಕ್ಕೆ ತುಸು ತಿರುಚುವುದು. ಆದ್ದರಿಂದ ಈ ನರ ಕೆಟ್ಟವನಿಗೆ ಒಂದು ವಸ್ತುವಿನ ಮೇಲೆ ಇನ್ನೊಂದು, ಓರೆಯಾಗಿ, ಕಾಣುತ್ತದೆ. ಓದುವಾಗ, ಮೆಟ್ಟಿಲಿಳಿಯುವಾಗ, ತಟ್ಟೆಯತ್ತ ನೋಡುವಾಗ ಹೆಚ್ಚು. ತಲೆಯನ್ನು ಒಂದು ಭುಜಕ್ಕೆ ಓರೆ ಮಾಡಿದರೆ ಎರಡು ಚಿತ್ರಗಳೂ ಸ್ವಲ್ಪ ಹತ್ತಿರವಾಗುತ್ತವೆ. ಕುಡಿದ ಓಲಾಟವೆಂದು ನಾವು ನೋಡಿದ ಆ ಓರೆ ತಲೆಯೇ ರೋಗದ ಗುರುತಾಗಿತ್ತು.

ಇಂಥ ನರ ಎಷ್ಟೋ ಸಲ ತಾನಾಗಿಯೇ ಚೇತರಿಸಿಕೊಳ್ಳುತ್ತದೆ. ಅದಕ್ಕೆಂದೇ ವೈದ್ಯರು ಆರು ತಿಂಗಳಿಂದ ವರ್ಷದವರೆಗೆ ಕಾಯಿಸುತ್ತಾರೆ. ಅಷ್ಟರಲ್ಲಿ ಸರಿಹೋಗದಿದ್ದರೆ ಬೆಳಕನ್ನು ಓರೆ ತಿರುಗಿಸುವ ಪ್ರಿಸಂ ಗಾಜಿನ ಕನ್ನಡಕ, ಅದಕ್ಕೂ ಬಗ್ಗದಿದ್ದರೆ ಸ್ನಾಯುವಿನ ಆಪರೇಷನ್. ಹೆಚ್ಚಿನವರಿಗೆ ಇಷ್ಟರಲ್ಲಿ ದಾರಿ ಸಿಗುತ್ತದೆ. ಇವನಿಗೆ ಸಿಗಲಿಲ್ಲ. ಪ್ರಿಸಂಗಳನ್ನು ಒಂದರ ಮೇಲೊಂದು ಹಿಡಿದು ಎರಡು ಚಿತ್ರಗಳನ್ನೂ ಒಂದೇ ಜಾಗಕ್ಕೆ ತಂದು ನಿಲ್ಲಿಸಿದರೂ ಅವು ಕೂಡಿಕೊಳ್ಳಲಿಲ್ಲ. ಒಂದರ ಮೇಲೊಂದು ಬಂದಂತೆ ಮಾಡಿ ಜಾರಿ ಹೋಗುತ್ತಿದ್ದವು. ಎರಡು ಕಣ್ಣು ಕಳಿಸಿದ ಎರಡು ಚಿತ್ರಗಳನ್ನು ಹೊಲಿದು ಒಂದು ಮಾಡುವ ಕೆಲಸ ಮಿದುಳಿನದು. ತಲೆಗೆ ಬಿದ್ದ ಪೆಟ್ಟಿನಲ್ಲಿ ಕೆಲವರಿಗೆ ಆ ಶಕ್ತಿಯೇ ಹೋಗಿಬಿಡುತ್ತದೆ. ಹುಬ್ಬಳ್ಳಿಯ ವೈದ್ಯರು ಹೇಳಿದ್ದನ್ನು ಅವನ ಮಾತಿನಲ್ಲಿಯೇ ಕೊಡುತ್ತೇವೆ: "ಎರಡು ಕದಾ ಸರಿಯಾಗಿ ಕೂಡಸಬಹುದಪಾ, ಆದ್ರ ಹಾಕಾಕ ಚಿಲಕಾನ ಇಲ್ಲ ಅಂದ್ರು." ಆಪರೇಷನ್ ಮಾಡಿ ಪ್ರಯೋಜನವಿಲ್ಲ, ಎರಡು ಚಿತ್ರ ತೀರ ಹತ್ತಿರ ಬಂದರೆ ಗೊಂದಲ ಹೆಚ್ಚೇ ಆದೀತು, ಒಂದು ಕಣ್ಣು ಮುಚ್ಚಿಕೊಂಡು ಬದುಕುವುದನ್ನು ಕಲಿ ಎಂದು ನೇರವಾಗಿ ಹೇಳಿದರಂತೆ. ಆ ವೈದ್ಯರ ಮೇಲೆ ಅವನಿಗೆ ಗೌರವವಿದೆ. ಆಸೆ ತೋರಿಸಿ ದುಡ್ಡು ಕೀಳಲಿಲ್ಲ ಎಂಬುದೇ ಅದಕ್ಕೆ ಕಾರಣ.

ಹಾಗಾದರೆ ನಮಗೇಕೆ ಎರಡು ಕಾಣುವುದಿಲ್ಲ? ಇದನ್ನು ಅವನೇ ಕೇಳಿದ. ಉತ್ತರ ನಮಗೂ ಈಚೆಗಷ್ಟೇ ಗೊತ್ತಾದದ್ದು. ಎಳೆಯ ವಯಸ್ಸಿನಲ್ಲಿ ಕಣ್ಣು ಸೊಟ್ಟಗಾದರೆ, ಇನ್ನೂ ಬೆಳೆಯುತ್ತಿರುವ ಮಿದುಳು ಸೊಟ್ಟ ಕಣ್ಣಿನ ಚಿತ್ರವನ್ನು ತಳ್ಳಿಹಾಕಿಬಿಡುತ್ತದೆ. ಎರಡು ಕಾಣುವ ಕಷ್ಟ ತಪ್ಪುತ್ತದೆ, ಆದರೆ ಕೆಲಸವಿಲ್ಲದ ಆ ಕಣ್ಣು ಕಾಣುವುದನ್ನೇ ಕಲಿಯದೆ ಸೋಮಾರಿಯಾಗಿ ಉಳಿಯುತ್ತದೆ. ನಮ್ಮ ಎಡಗಣ್ಣು ಹಾಗೆ ಹೋದದ್ದು. ಏಳೆಂಟು ವರ್ಷದೊಳಗೆ ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣನ್ನು ದಿನಕ್ಕಿಷ್ಟು ಹೊತ್ತು ಮುಚ್ಚಿ, ಸೋಮಾರಿ ಕಣ್ಣಿಗೆ ಕೆಲಸ ಕೊಟ್ಟಿದ್ದರೆ ಅದು ಉಳಿಯುವ ಸಂಭವ ಬಹಳವಿತ್ತು. ಅಜ್ಜಿಯ ಅದೃಷ್ಟ ಅದಕ್ಕೆ ಅಡ್ಡ ಬಂತು. ದೊಡ್ಡವರ ಮಿದುಳಿಗೆ ಹೀಗೆ ತಳ್ಳಿಹಾಕುವ ವಿದ್ಯೆ ಬರುವುದಿಲ್ಲ. ಎರಡನ್ನೂ ನೋಡುತ್ತಲೇ ಇರುತ್ತದೆ. ಸದಸ್ಯರ ಮನೆಯಲ್ಲಿ ಯಾವ ಮಗುವಿನ ಕಣ್ಣಾದರೂ ಓರೆ ಹೊರಳುತ್ತಿದ್ದರೆ ದಯವಿಟ್ಟು ಅದೃಷ್ಟಕ್ಕೆ ಬಿಡಬೇಡಿ, ಈ ವರ್ಷವೇ ಕಣ್ಣಿನ ವೈದ್ಯರಿಗೆ ತೋರಿಸಿ. ಬೆಂಗಳೂರಿನ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆಯಂಥ ಕಡೆ ಇದಕ್ಕೆ ದೊಡ್ಡ ಖರ್ಚೂ ಇಲ್ಲ.

ಅವನ ದಿನ ಹೇಗೆ ಕಳೆಯುತ್ತದೆ ಎಂಬುದನ್ನು ನಾವು ಎರಡು ದಿನ ಜೊತೆಗಿದ್ದು ನೋಡಿದೆವು. ಮೊದಲು ಕರಿ ಬಟ್ಟೆ ಕಟ್ಟಿಕೊಳ್ಳುತ್ತಿದ್ದನಂತೆ. ಮಕ್ಕಳು ಹೆದರಿದವು, ಸಂತೆಯಲ್ಲಿ ಜನ ಅಪಶಕುನವೆಂದು ಮುಖ ತಿರುಗಿಸಿದರು. ಅಂಟುಪಟ್ಟಿ ಹಚ್ಚಿದ ಕನ್ನಡಕವನ್ನು ಹುಬ್ಬಳ್ಳಿಯಲ್ಲಿ ಹೇಳಿಕೊಟ್ಟರು. ಗಾಜು ಮಸುಕಾದರೆ ಸಾಕು, ಎರಡನೆಯ ಚಿತ್ರ ಕಾಟ ಕೊಡುವುದಿಲ್ಲ. ಬೆಳಕು ಒಳಗೆ ಬರುತ್ತದೆ, ಎದುರಿನವರಿಗೂ ಇರುಸುಮುರುಸಿಲ್ಲ. ಪಟ್ಟಿ ಹಳದಿಯಾದಾಗ ಹೊಸದು ಹಚ್ಚಬೇಕು. ಖರ್ಚೆಂದರೆ ಅಷ್ಟೇ.

ಆದರೆ ಒಂದು ಕಣ್ಣಿನಲ್ಲಿ ದೂರ ಹತ್ತಿರದ ಅಂದಾಜು ಸಿಗುವುದಿಲ್ಲ. ಚಹಾ ಬಗ್ಗಿಸುವಾಗ ಕೆಟಲಿನ ಮೂತಿಯನ್ನು ಲೋಟದ ಅಂಚಿಗೆ ತಾಗಿಸಿಯೇ ಬಗ್ಗಿಸುತ್ತಾನೆ. ಮೆಟ್ಟಿಲಿಳಿಯುವಾಗ ಹಿಮ್ಮಡಿಯನ್ನು ಹಿಂದಿನ ಮೆಟ್ಟಿಲಿಗೆ ಸವರಿಕೊಂಡೇ ಪಾದ ಇಳಿಸುತ್ತಾನೆ. ಮುಚ್ಚಿದ ಕಣ್ಣಿನ ಮಗ್ಗುಲಿನಿಂದ ಬರುವ ಮೋಟಾರು ಕಾಣದು. ಆದ್ದರಿಂದ ರಸ್ತೆ ದಾಟುವಾಗ ಕತ್ತನ್ನೇ ಪೂರಾ ತಿರುಗಿಸುತ್ತಾನೆ. ಹೆಂಡತಿ ಯಾವಾಗಲೂ ಆ ಮಗ್ಗುಲಿಗೆ ನಡೆಯುತ್ತಾಳೆ. ಹೇಳಿಕೊಟ್ಟು ಬಂದದ್ದಲ್ಲ ಇದು. ನಾವು ಗಮನಿಸಿ ಕೇಳಿದಾಗ ಅವಳಿಗೇ ಆಶ್ಚರ್ಯವಾಯಿತು.

ಮಗ್ಗದ ಮೇಲೆ ಕೂರಲು ಒಂದು ವರ್ಷ ಪ್ರಯತ್ನ ಮಾಡಿದ. ಹಾಸಿನ ಎಳೆ ಹರಿದಾಗ ಗಂಟು ಹಾಕಬೇಕಲ್ಲ, ಅಲ್ಲಿ ಸೋತ. ನೂರಾರು ಎಳೆಗಳ ನಡುವೆ ಹರಿದ ಎಳೆ ಯಾವ ಆಳದಲ್ಲಿದೆ ಎಂದು ಒಂಟಿ ಕಣ್ಣಿಗೆ ತಿಳಿಯದು, ಎರಡೂ ಕಣ್ಣು ಬಿಟ್ಟರೆ ಎಳೆಗಳೇ ಇಮ್ಮಡಿ. ಕಂಡಿಕೆ ಸುತ್ತುವುದಕ್ಕೆ ಕಣ್ಣು ಬೇಡ, ಬೆರಳು ಸಾಕು. ಕೂಲಿ ಕಡಿಮೆ. ಭಾವನ ಮನೆಯಲ್ಲಿ ಹಂಗಿನ ಅನ್ನವಲ್ಲ ಎನ್ನುವಷ್ಟು ಗಳಿಸುತ್ತಾನೆ. ಹೆಂಡತಿ ಹೆಸರು, ಶೇಂಗಾ ಬಿಡಿಸುವ ಕಾಲಕ್ಕೆ ಊರಿಗೆ ಹೋಗಿ ಕೂಲಿ ಮಾಡಿ ಬರುತ್ತಾಳೆ.

ಎರಡನೆಯ ದಿನ ಅವನೇ ನಮ್ಮನ್ನು ವೀರೇಶ್ವರ ಪುಣ್ಯಾಶ್ರಮಕ್ಕೆ ಕರೆದುಕೊಂಡು ಹೋದ. ಪಂಚಾಕ್ಷರಿ ಗವಾಯಿಗಳು ಕಟ್ಟಿ, ೧೯೪೪ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು ೨೦೧೦ರಲ್ಲಿ ದೇಹ ಬಿಡುವವರೆಗೆ ನಡೆಸಿದ ಆಶ್ರಮ. ಗುರು ಶಿಷ್ಯರಿಬ್ಬರೂ ಅಂಧರು. ಅಂಧ ಮಕ್ಕಳಿಗೆ ಅನ್ನ, ಆಸರೆ, ಸಂಗೀತ ಮೂರನ್ನೂ ಕೊಟ್ಟ ಮನೆಯದು. ಕಣ್ಣಿಲ್ಲದ ಹುಡುಗರು ತಡವರಿಸದೆ ಅಂಗಳ ದಾಟಿ ಹೋಗುತ್ತಿದ್ದರು. ಒಳಗೆ ಯಾರೋ ಹಾರ್ಮೋನಿಯಂ ನುಡಿಸುತ್ತಿದ್ದರು. ಅವನು ಬಾಗಿಲಲ್ಲಿ ಕುಳಿತು ಬಹಳ ಹೊತ್ತು ಕೇಳಿದ.

"ಇವ್ರಿಗೆ ಏನಾಗೇತಿ ಅಂತ ಎಲ್ಲಾರಿಗೂ ಗೊತ್ತೈತ್ರಿ. ನಂದು ಹೇಳಿದ್ರ ಯಾರೂ ನಂಬಂಗಿಲ್ಲ. ಕುಲ್ಡಾನೂ ಅಲ್ಲ, ಕಣ್ಣಿದ್ದಾಂವನೂ ಅಲ್ಲ" ಎಂದ.

ಅವನ ಮಾತಿನಲ್ಲಿ ಸರ್ಕಾರದ ಕಾಗದದ ಲೆಕ್ಕವೂ ಇತ್ತು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಿಂದಿನ ೭ ಬಗೆಗಳ ಪಟ್ಟಿಯನ್ನು ೨೧ಕ್ಕೆ ಏರಿಸಿತು, ಒಳ್ಳೆಯ ಕೆಲಸವೇ. ಆದರೆ ಎರಡು ಕಾಣುವುದು ಅದರಲ್ಲಿಲ್ಲ. ಸೌಲಭ್ಯಗಳಿಗೆ ಶೇಕಡ ೪೦ರ ಅಳತೆ ಮುಟ್ಟಬೇಕು, ಅಳೆಯುವುದು ಅಕ್ಷರದ ಹಲಗೆಯಿಂದ, ಅಲ್ಲಿ ಒಂದೊಂದೇ ಕಣ್ಣಿನಲ್ಲಿ ಓದಿಸುತ್ತಾರೆ. ಒಂದೊಂದೇ ಕಣ್ಣಿನಲ್ಲಿ ಅವನು ಹದ್ದಿನಂತೆ ಓದುತ್ತಾನೆ. ಎರಡು ಸಲ ಅರ್ಜಿ ಹಾಕಿದ, ಎರಡು ಸಲವೂ ಬರಿಗೈಯಲ್ಲಿ ಬಂದ.

ನಾವು ಅವನಿಗೆ ಪಟೌಡಿಯವರ ಕಥೆ ಹೇಳಿದೆವು. ಕ್ರಿಕೆಟ್ ಬಲ್ಲವರಿಗೆ ಇದು ಹೊಸದಲ್ಲ. ಮನ್ಸೂರ್ ಅಲಿ ಖಾನ್ ಪಟೌಡಿ ೧೯೬೧ರ ಜುಲೈಯಲ್ಲಿ, ಇಪ್ಪತ್ತು ವರ್ಷದವರಾಗಿದ್ದಾಗ, ಇಂಗ್ಲೆಂಡಿನ ಹೋವ್ ಊರಿನಲ್ಲಿ ಕಾರು ಅಪಘಾತಕ್ಕೆ ಸಿಕ್ಕಿ ಗಾಜಿನ ಚೂರು ಬಲಗಣ್ಣಿಗೆ ಹೊಕ್ಕು ಆ ಕಣ್ಣಿನ ನೋಟ ಬಹುಪಾಲು ಹೋಯಿತು. ಹೂಜಿಯ ನೀರು ಲೋಟಕ್ಕೆ ಬೀಳದೆ ಮೇಜಿನ ಮೇಲೆ ಬೀಳುತ್ತಿತ್ತೆಂದು ಅವರೇ ಬರೆದುಕೊಂಡಿದ್ದಾರೆ. ಕೆಲವೇ ತಿಂಗಳಲ್ಲಿ ಹೈದರಾಬಾದಿನಲ್ಲಿ ಇಂಗ್ಲೆಂಡಿನವರ ಎದುರು ಆಡುವಾಗ ಕಣ್ಣಿಗೆ ಅಂಟು ಮಸೂರ ಹಾಕಿಕೊಂಡರು. ಆಗ ಆರೇಳು ಅಂಗುಲದ ಅಂತರದಲ್ಲಿ ಎರಡು ಚೆಂಡುಗಳು ಬರತೊಡಗಿದವು. ಒಳಗಡೆಯ ಚೆಂಡನ್ನು ಆರಿಸಿ ಹೊಡೆದು ೩೫ ಓಟ ಮಾಡಿದರು. ಆಮೇಲೆ ಮಸೂರ ತೆಗೆದು, ಕೆಟ್ಟ ಕಣ್ಣು ಮುಚ್ಚಿಕೊಂಡು ಆಟ ಮುಂದುವರಿಸಿ ೭೦ ಮುಟ್ಟಿದರು. ಆ ಡಿಸೆಂಬರಿನಲ್ಲೇ ಟೆಸ್ಟ್ ಆಡಿದರು, ಮರುವರ್ಷ ಮಾರ್ಚಿಯಲ್ಲಿ ೨೧ರ ವಯಸ್ಸಿಗೇ ಭಾರತದ ನಾಯಕರಾದರು. ಟೋಪಿಯನ್ನು ಬಲಗಣ್ಣಿನ ಮೇಲೆ ಎಳೆದುಕೊಂಡು ಆಡುತ್ತಿದ್ದುದು ಇದಕ್ಕಾಗಿಯೇ. ೪೬ ಟೆಸ್ಟುಗಳಲ್ಲಿ ೨೭೯೩ ಓಟ, ಆರು ಶತಕ. ಪೋಲಿಯೋದಿಂದ ಸೊರಗಿದ ಬಲಗೈಯಲ್ಲಿ ಚೆಂಡು ತಿರುಗಿಸಿದ ನಮ್ಮ ಮೈಸೂರಿನ ಚಂದ್ರಶೇಖರ್ ೧೯೬೪ರಲ್ಲಿ ಮೊದಲ ಟೆಸ್ಟ್ ಆಡಿದ್ದು ಇದೇ ನಾಯಕರ ಕೈಕೆಳಗೆ.

ಅವನು ಪೂರ್ತಿ ಕೇಳಿದ. "ಅವ್ರು ನವಾಬ್ರಲ್ರಿ" ಎಂದ. ಸ್ವಲ್ಪ ತಡೆದು, "ಒಳಗಿನ ಚೆಂಡು ಖರೇ ಅಂತ ಅವ್ರಿಗೆ ಹೆಂಗ ಗೊತ್ತಾತು?" ಎಂದೂ ಕೇಳಿದ. ನಮಗೆ ಉತ್ತರ ತೋಚಲಿಲ್ಲ. ಅವನೇ ಹೇಳಿದ: ಅವನಿಗೂ ಹಾಗೆಯೇ ಒಂದು ಉಪಾಯ ಗೊತ್ತಂತೆ. ಕನ್ನಡಕ ಕೈಗೆ ಸಿಗದಾಗ ಎರಡರಲ್ಲಿ ಮೇಲಿನದು, ನೆಟ್ಟಗಿರುವುದು ನಿಜ, ಕೆಳಗಿನ ಓರೆಯದು ಸುಳ್ಳು. ಬಾಗಿಲು, ಮನುಷ್ಯರು, ಮೇಕೆಗಳಿಗೆ ಈ ಲೆಕ್ಕ ನಡೆಯುತ್ತದೆ, ಓಡುವ ಬಸ್ಸಿಗೆ ನಡೆಯುವುದಿಲ್ಲ.

ಇನ್ನು ನಮ್ಮ ತಪ್ಪಿನ ವಿಷಯ. ಆಸ್ಪತ್ರೆಯ ಖರ್ಚು ಕೊಟ್ಟೆವು, ಕೈಗೆ ಸ್ವಲ್ಪ ಹಣವನ್ನೂ ಕೊಟ್ಟೆವು, ಅಲ್ಲಿಗೆ ಋಣ ತೀರಿತೆಂದುಕೊಂಡಿದ್ದೆವು. ಆಗ ಜಾರಿಯಲ್ಲಿದ್ದ ೧೯೨೩ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ, ಇನ್ನೊಂದು ಕಣ್ಣು ಸರಿಯಿದ್ದು ಒಂದು ಕಣ್ಣೇ ಹೋದರೆ ಗಳಿಕೆಯ ಶಕ್ತಿ ಶೇಕಡ ೪೦ ನಷ್ಟ, ಒಂದು ಕಣ್ಣಿನ ನೋಟ ಹೋದರೆ ಶೇಕಡ ೩೦ ಎಂದು ಬರೆದಿತ್ತು. ಎರಡು ಕಾಣುವುದು ಆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿ ಇಲ್ಲದ ಗಾಯಕ್ಕೂ ವೈದ್ಯರು ನಷ್ಟ ಇಷ್ಟೆಂದು ಅಂದಾಜು ಕಟ್ಟಿದರೆ ಪರಿಹಾರ ಉಂಟು ಎಂಬ ಮಾತು ಅದೇ ಕಾಯ್ದೆಯಲ್ಲಿತ್ತು. ಅದನ್ನು ನಾವು ಓದಿರಲಿಲ್ಲ, ಅವನಿಗೆ ಹೇಳುವವರಿರಲಿಲ್ಲ. ಎರಡು ವರ್ಷದೊಳಗೆ ಅರ್ಜಿ ಹಾಕಬೇಕೆಂಬ ಗಡುವೂ ದಾಟಿ ಹೋಗಿತ್ತು. ಈಗ ನಾವೂ ಅವನೂ ಕುಳಿತು ಒಂದು ಲೆಕ್ಕಕ್ಕೆ ಬಂದಿದ್ದೇವೆ. ಅದು ನಮ್ಮಿಬ್ಬರ ನಡುವಿನದು, ಇಲ್ಲಿ ಬರೆದು ಹೆಚ್ಚುಗಾರಿಕೆ ಪಡೆಯುವ ಇಚ್ಛೆಯಿಲ್ಲ. ಸಂಘದ ಮುಂದಿನ ಸಭೆಗೆ ಮಾತ್ರ ಒಂದು ಸೂಚನೆ ಕಳಿಸಿದ್ದೇವೆ: ಕುಯ್ಲಿಗೆ ಬರುವ ಹೊರಗಿನ ಆಳುಗಳಿಗೆ ಸದಸ್ಯರು ಒಟ್ಟಾಗಿ ಅಪಘಾತ ವಿಮೆ ಮಾಡಿಸಬೇಕು, ಕಂತನ್ನು ಮೆಣಸಿನ ಬಾಬ್ತಿನಲ್ಲಿ ಕಿಲೋಗಿಷ್ಟು ಎಂದು ಮುರಿದುಕೊಳ್ಳಬೇಕು. ಅನುಮೋದಿಸುವವರು ಬೇಕಾಗಿದ್ದಾರೆ.

ತೋಟದವರು ತಿಳಿದಿರಬೇಕಾದ ಇನ್ನೊಂದೆರಡು ಮಾತುಗಳಿವೆ. ತಲೆಗೆ ಪೆಟ್ಟಾದ ಆಳು ಎರಡು ಕಾಣುತ್ತದೆ ಎಂದರೆ ಒಂದು ಕಣ್ಣು ಮುಚ್ಚಿಸಿ ಕೇಳಿ. ಯಾವ ಕಣ್ಣು ಮುಚ್ಚಿದರೂ ಒಂದೇ ಕಾಣುವುದಾದರೆ ತೊಂದರೆ ಎರಡು ಕಣ್ಣುಗಳ ಹೊಂದಾಣಿಕೆಯಲ್ಲಿದೆ, ಸೋಗಲ್ಲ. ಸಕ್ಕರೆ ಕಾಯಿಲೆಯ ಹಿರಿಯರಿಗೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಎರಡು ಕಂಡರೆ ವೈದ್ಯರಿಗೆ ತೋರಿಸಿ ಧೈರ್ಯದಿಂದ ಕಾಯಬಹುದು, ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ಸರಿಹೋಗುತ್ತದೆ. ಆದರೆ ಜೊತೆಗೆ ರೆಪ್ಪೆ ಜೋತು, ಕಣ್ಣಪಾಪೆ ಹಿಗ್ಗಿ, ತಲೆ ಸಿಡಿಯುತ್ತಿದ್ದರೆ ಮಿದುಳಿನ ರಕ್ತನಾಳದ ಅಪಾಯವಿರಬಹುದು, ಒಂದು ಗಳಿಗೆಯೂ ಕಾಯುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಹಾವಿನ ವಿಷಯ. ಅಡಿಕೆ ಅಂಗಳದಲ್ಲಿ ಮಲಗಿದ್ದ ಆಳು ಎದ್ದು ರೆಪ್ಪೆ ಎತ್ತಲಾಗುತ್ತಿಲ್ಲ, ಎರಡೆರಡು ಕಾಣುತ್ತಿದೆ ಎಂದರೆ ಕಟ್ಟುಹಾವು ಅಥವಾ ನಾಗರಹಾವು ಕಡಿದಿರಬಹುದು. ಕಟ್ಟುಹಾವಿನ ಕಡಿತಕ್ಕೆ ಗಾಯದ ಗುರುತೂ ಕಾಣದಿರಬಹುದು, ನೋವೂ ಇರದಿರಬಹುದು. ಮಂತ್ರ, ಗಿಡಮೂಲಿಕೆ ಎಂದು ಹೊತ್ತು ಕಳೆಯದೆ ವಿಷದ ಔಷಧಿಯಿರುವ ಆಸ್ಪತ್ರೆಗೆ ಓಡಬೇಕು. ಮುಂದೆ ನಿಲ್ಲುವುದು ಉಸಿರು.

ಹೊರಡುವ ದಿನ ಗದಗಿನ ಬಸ್ಸುನಿಲ್ದಾಣಕ್ಕೆ ಗಂಡ ಹೆಂಡಿರಿಬ್ಬರೂ ಬಂದರು. ದೂರದಲ್ಲಿ ಕಪ್ಪತಗುಡ್ಡದ ಸಾಲು ಮಸುಕಾಗಿ ಕಾಣುತ್ತಿತ್ತು. ಆ ಗುಡ್ಡದ ಆಚೆ ಮುಂಡರಗಿ. ಅಲ್ಲಿ ಅವನ ಅಕ್ಕನ ಮನೆ. ಎರಡು ಸಾಲು ಗುಡ್ಡ ನೋಡಲು ಚಂದ ಇರುತ್ತದೆ ಎಂದು ಕನ್ನಡಕ ತೆಗೆದು ಒಂದು ಗಳಿಗೆ ನೋಡಿ ಮತ್ತೆ ಹಾಕಿಕೊಂಡ. ಒಂದು ಚೀಲ ಒಣಮೆಣಸಿನಕಾಯಿಯನ್ನು ನಮ್ಮ ಕೈಗಿಟ್ಟು, ಈ ಸಲ ಮೆಣಸು ಹೇಗಿದೆ, ಬಿಡಿಸಲು ಯಾರು ಬಂದಿದ್ದಾರೆ ಎಂದು ವಿಚಾರಿಸಿದ.

"ಆ ಏಣಿ ಐತೇನ್ರಿ ಇನ್ನಾ?"

ಇತ್ತು. ಆ ಬೆಳಿಗ್ಗೆಯೂ ಯಾವನೋ ಅದನ್ನು ಹತ್ತಿರುತ್ತಾನೆಂಬುದು ನಮಗೆ ಹೊಳೆಯಿತು. ಇದೆ ಮಾರಾಯ ಎಂದೆವು. ಬಸ್ಸು ಬಂತು. ಊರು ಮುಟ್ಟಿದ ಮರುದಿನ ಅದನ್ನು ಮೂರು ತುಂಡಾಗಿ ಕಡಿಸಿ ಅಡಿಕೆ ಬೇಯಿಸುವ ಒಲೆಗೆ ಹಾಕಿಸಿದೆವು. ಹಳೆಯ ಬಿದಿರು, ಚೆನ್ನಾಗಿ ಉರಿಯಿತು.